ಕೈ ಚಾಚು, ಸೊಸಿ

ಮೊನ್ನೆ ಬೆಳಿಗ್ಗೆ ಚಹಾ ಕುಡಿಯುತ್ತ ಕೂತಿದ್ದಾಗ ಪಕ್ಕದ ಮನೆಯಿಂದ ಬಟ್ಟೆ ಕುದಿಯುವ ವಾಸನೆ ಬಂತು. ಆ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿರುವ ಹುಡುಗಿ ಬಾಣಂತಿ. ಕೂಸಿನ ಬಟ್ಟೆಗಳನ್ನು ಬೇವಿನ ಎಲೆ ಹಾಕಿ ಕುದಿಸುತ್ತಿದ್ದಳು. ಹಳೆಯ ಧೋತರದ ಅರಿವೆ, ಬೇವು, ಬಿಸಿನೀರು... ಮೂರೂ ಕೂಡಿ ಏಳುವ ಹಬೆಗೆ ಬೇರೆಯದೇ ಒಂದು ವಾಸನೆ ಇರುತ್ತದೆ. ನನ್ನ ಬಲಗೈ ತನ್ನಷ್ಟಕ್ಕೆ ತಾನೇ ಸೆರಗಿನೊಳಗೆ ಸರಿದು ಕೂತಿತು. ಇಷ್ಟು ವಯಸ್ಸಾದರೂ ಆ ಕೈಗೆ ಹೆದರಿಕೆ ಹೋಗಿಲ್ಲ.

ನನಗೆ ಅದು ಅತ್ತೆಯ ವಾಸನೆ.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ನಮ್ಮ ಕಡೆ ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ. ಹಾಗಾಗಿ ಅತ್ತೆ ಎಂಬ ಒಂದೇ ಮಾತಿನಲ್ಲಿ ಎರಡು ನಂಟು ಕೂತಿರುತ್ತವೆ. ಸೊಸೆ ಎಂಬ ಮಾತೂ ಅಷ್ಟೆ. ಅಣ್ಣನ ಮಗಳೂ ಸೊಸೆ, ಮಗನ ಹೆಂಡತಿಯೂ ಸೊಸೆ. ನಾನು ಹುಟ್ಟಿದಾಗಿನಿಂದ ಆಕೆ ನನ್ನನ್ನು ಕರೆದದ್ದು ಸೊಸಿ ಎಂದೇ. ನನ್ನ ಹೆಸರನ್ನು ಆಕೆಯ ಬಾಯಲ್ಲಿ ಕೇಳಿದ ನೆನಪೇ ಇಲ್ಲ. ಎರಡರಲ್ಲಿ ಯಾವ ಸೊಸೆ ಎಂದು ನಾನಾಗಲಿ ಅಪ್ಪನಾಗಲಿ ಯಾಕೆ ಕೇಳುತ್ತೇವೆ?

ನಮ್ಮ ಮನೆ ಇದ್ದದ್ದು ಶಹಾಬಾದಿನಲ್ಲಿ, ನೆಲಕ್ಕೆ ಹಾಸುವ ಪರಸಿ ಕಲ್ಲಿನ ಖಣಿಗಳ ಬದಿಗೆ. ಗೋಡೆ ಕಲ್ಲು, ನೆಲ ಕಲ್ಲು, ಮಾಳಿಗೆಯೂ ಕಲ್ಲು. ಅಪ್ಪ ಖಣಿಯಲ್ಲಿ ಕೂಲಿಗಳ ಮೇಲಿನ ಮುಕಾದಮ. ಮೈಸೂರು ರಾಜ್ಯ ಹೋಗಿ ಕರ್ನಾಟಕ ಎಂದು ಹೆಸರಾಗಿ ಹೆಚ್ಚು ಕಾಲವಾಗಿರಲಿಲ್ಲ. ಓಣಿಯ ಮುದುಕರ ಬಾಯಲ್ಲಿ ಮಾತ್ರ ಎರಡೂ ಇಲ್ಲ, ಇನ್ನೂ ನಿಜಾಮನ ಕಾಲವೇ ನಡೆದಿತ್ತು. ಅತ್ತೆಯನ್ನು ಕೊಟ್ಟದ್ದು ಚಿತ್ತಾಪುರದ ಹತ್ತಿರ ದಂಡೋತಿಗೆ, ಕಾಗಿಣಾ ಹೊಳೆಯ ದಂಡೆಯ ಒಕ್ಕಲುತನದ ಮನೆಗೆ. ಮಾವ ಬೇಗ ತೀರಿಹೋದ. ಒಬ್ಬನೇ ಮಗ. ಅವನಿಗೆ ವಾಡಿ ಸ್ಟೇಷನ್ನಿನಲ್ಲಿ ನೌಕರಿ ಸಿಕ್ಕಿದ ವರ್ಷ ಅತ್ತೆ ಪಂಚಮಿಗೆ ತವರಿಗೆ ಬಂದವಳು ನನಗೊಂದು ನೈಲಾನ್ ಸೀರೆ ತಂದಳು. ಆಗ ನೈಲಾನ್ ಎಂದರೆ ಓಣಿಯೆಲ್ಲ ಬಂದು ಮುಟ್ಟಿ ನೋಡುವ ಬಟ್ಟೆ. ನೀರಿನಿಂದ ತೆಗೆದು ಒಮ್ಮೆ ಝಾಡಿಸಿದರೆ ಒಣಗಿಯೇ ಬಿಡುತ್ತಿತ್ತು.

"ನನ್ನ ಸೊಸಿ ಎಷ್ಟ್ ಛಂದ ಕಾಣ್ತಾಳ ನೋಡಣ್ಣ," ಎಂದಳು. ಅಪ್ಪ ಮೀಸೆಯಲ್ಲೇ ನಕ್ಕ. ಮುಂದಿನ ಬೇಸಿಗೆಗೆ ಮದುವೆ ಎಂದು ಇಬ್ಬರ ನಡುವೆ ಮಾತಾಯಿತು. ನಿಶ್ಚಯದ ಸಕ್ಕರೆ ಹಂಚುವ ಶಾಸ್ತ್ರವೊಂದು ಬಾಕಿ. ಮನೆಯೊಳಗಿನ ಮಾತಿಗೆ ಸಕ್ಕರೆ ಬೇರೆ ಯಾಕೆ ಎಂದು ಅವ್ವನೇ ಅಂದಳು.

ಒಂದು ದಿನ ಅದೇ ಸೀರೆ ಉಟ್ಟುಕೊಂಡು ಪಂಪಿನ ಸ್ಟೋ ಹಚ್ಚುತ್ತಿದ್ದೆ. ಬೆಂಕಿ ಭಗ್ಗೆಂದು ಎದ್ದದ್ದು ಗೊತ್ತು, ಸೆರಗನ್ನು ಬಲಗೈಯಿಂದ ಬಡಿದದ್ದು ಗೊತ್ತು. ನೈಲಾನ್ ಉರಿದು ಬೂದಿಯಾಗುವ ಬಟ್ಟೆಯಲ್ಲ, ಕರಗಿ ಚರ್ಮಕ್ಕೆ ಹತ್ತುವ ಬಟ್ಟೆ. ಅಪ್ಪ ಕೌದಿ ಹೊದಿಸಿ ಹೊರಳಾಡಿಸಿದ. ಮುಖ ಉಳಿಯಿತು, ಜೀವ ಉಳಿಯಿತು. ಬಲಗೈ ಅಂಗೈಯಿಂದ ಮೊಳಕೈ ಮೇಲಿನವರೆಗೆ ಹೋಯಿತು... ಹೋಯಿತು ಎಂದರೆ ಇತ್ತು, ಆದರೆ ನನ್ನದು ಎಂದು ಹೇಳುವಂತಿರಲಿಲ್ಲ.

ಗುಲ್ಬರ್ಗಾದ ದವಾಖಾನೆಯಲ್ಲಿ ಬಹಳ ದಿನ ಇಟ್ಟುಕೊಂಡರು. ಮನೆಗೆ ಕಳಿಸುವಾಗ ಡಾಕ್ಟರು ಅಪ್ಪನನ್ನು ಕೂರಿಸಿಕೊಂಡು ಹೇಳಿದರು: ಅರ್ಧ ಗಾಯ ಇಲ್ಲಿ ಮಾದಿದೆ, ಉಳಿದರ್ಧ ಮನೆಯಲ್ಲಿ ಮಾಯಬೇಕು. ದಿನವೂ ಪಟ್ಟಿ ಬದಲಿಸಬೇಕು. ಕುದಿಸಿದ ಅರಿವೆ, ತೊಳೆದ ಕೈ. ಅಂಟಿದ ಪಟ್ಟಿಯನ್ನು ಜಗ್ಗಬಾರದು, ಕುದಿಸಿ ಆರಿಸಿದ ನೀರಿನಲ್ಲಿ ನೆನೆಸಿ ಬಿಡಿಸಬೇಕು. ಒಂದೊಂದು ಬೆರಳಿಗೆ ಬೇರೆ ಬೇರೆ ಸುತ್ತಬೇಕು, ಇಲ್ಲದಿದ್ದರೆ ಬೆರಳುಗಳು ಒಂದಕ್ಕೊಂದು ಕೂಡುತ್ತವೆ. ಮಲಗುವಾಗ ಕೈ ನೆಟ್ಟಗೆ ಇರುವಂತೆ ಹಲಗೆಗೆ ಕಟ್ಟಬೇಕು. ಕೈ ಮಡಚಿಕೊಂಡರೆ ಅವಳಿಗೆ ಹಿತವೆನಿಸುತ್ತದೆ, ಅತ್ತರೂ ಬಿಡಬೇಡಿ, ಹಾಗೆ ಬಿಟ್ಟರೆ ಹೊಸ ಚರ್ಮ ಜಗ್ಗಿ ಕೈ ಅಲ್ಲೇ ನಿಂತುಹೋಗುತ್ತದೆ ಎಂದರು. ಅಪ್ಪ ಎಲ್ಲಕ್ಕೂ ಹೂಂಗುಟ್ಟಿದ.

ಮನೆಗೆ ಬಂದ ಮರುದಿನ ಅವ್ವ ಪಟ್ಟಿ ಬಿಚ್ಚಲು ಕೂತಳು. ಮೇಲಿನ ಪದರ ಎದ್ದದ್ದೇ ತಡ, ಗೋಡೆಗೆ ಒರಗಿ ಕುಸಿದಳು. ಅವಳನ್ನು ಏಳಿಸಿ ನೀರು ಕುಡಿಸುವುದೇ ಒಂದು ಕೆಲಸವಾಯಿತು. ಅವ್ವನ ಎದೆ ಅಂಥದ್ದು, ಏನು ಮಾಡುವುದು! ಅಪ್ಪ ದಂಡೋತಿಗೆ ಹೇಳಿ ಕಳಿಸಿದ.

ಅತ್ತೆ ಬಂದಳು. ಒಂದು ಕೈಯಲ್ಲಿ ತಗಡಿನ ಪೆಟ್ಟಿಗೆ, ಕಂಕುಳಲ್ಲಿ ಬಿಳಿ ಅರಿವೆಯ ಗಂಟು. ಹೊಸಿಲಲ್ಲೇ ನನ್ನನ್ನು ಕಂಡು ಬಾಯಿಗೆ ಸೆರಗು ಒತ್ತಿಕೊಂಡಳು. "ನಾ ಕೊಟ್ಟ ಸೀರಿನೇ ಸುಟ್ಟಿತಲ್ಲೋ ಅಣ್ಣ," ಎಂದು ಅತ್ತಳು. ಅದಾದ ಮೇಲೆ ನನ್ನೆದುರಿಗೆ ಅವಳು ಅತ್ತದ್ದನ್ನು ನಾನು ನೋಡಲಿಲ್ಲ. ಗಂಟು ಬಿಚ್ಚಿದಳು. ಒಳಗೆ ತೀರಿಹೋದ ಮಾವನ ಧೋತರಗಳಿದ್ದವು, ಒಗೆದು ಒಗೆದು ಬೆಣ್ಣೆಯಂತಾಗಿದ್ದವು. ಅಷ್ಟು ವರ್ಷ ಪೆಟ್ಟಿಗೆಯಲ್ಲಿ ಕಾದಿಟ್ಟದ್ದನ್ನು ಹಲ್ಲಿನಿಂದ ಕಚ್ಚಿ ಪರ್ರೆಂದು ಹರಿದಳು.

"ಬ್ಯಾಡ ತಂಗಿ, ಪ್ಯಾಟಿಯಿಂದ ತರ್ತೀನಿ," ಎಂದ ಅಪ್ಪ.

"ಪ್ಯಾಟಿ ಅರಿವಿ ಚುಚ್ತದ. ನನ್ನ ಸೊಸಿ ಮೈಗಿ ಇದೇ ಆಗ್ಬೇಕು."

ಅವಳ ಕೈಯನ್ನು ಹೇಗೆ ಹೇಳಲಿ? ಹೊಲದಲ್ಲಿ ದುಡಿದ ಕೈ, ಒರಟು. ಆದರೆ ನನ್ನ ಗಾಯದ ಹತ್ತಿರ ಬಂದಾಗ ಅದು ಬೇರೆಯ ಕೈಯಾಗುತ್ತಿತ್ತು. ಕುದಿದ ಅರಿವೆಯನ್ನು ಚಿಮಟದಿಂದ ಎತ್ತಿ ಅಂಗಳದ ಹಗ್ಗಕ್ಕೆ ಹಾಕುವಳು, ಒಣಗಿದ ಮೇಲೆ ಮುಚ್ಚಳದ ಡಬ್ಬಿಯಲ್ಲಿಡುವಳು. ಪಟ್ಟಿಯ ಮೇಲೆ ಉಗುರುಬೆಚ್ಚಗಿನ ನೀರು ಹನಿ ಹನಿಯಾಗಿ ಬಿಟ್ಟು, ಅದು ತಾನಾಗಿ ಬಿಡುವವರೆಗೆ ಕಾಯುವಳು. ಕಾಯುವಾಗ ಮಾತು. ದಂಡೋತಿಯ ಎಮ್ಮೆ, ಕಾಗಿಣಾ ಹೊಳೆಗೆ ಬಂದ ಪೂರ, ವಾಡಿಯಲ್ಲಿ ಮಗ ತಾನೇ ಅನ್ನ ಮಾಡಿಕೊಂಡು ಸೀದಿಸಿದ್ದು. "ನೀ ಬಂದ ಮ್ಯಾಲ ಅವನ ಹೊಟ್ಟಿಗಿ ಸುಖ," ಎನ್ನುವಳು. ನಾನು ನಾಚಿ ತಲೆ ತಗ್ಗಿಸುವಷ್ಟರಲ್ಲಿ ಪಟ್ಟಿ ಬಿಟ್ಟಿರುತ್ತಿತ್ತು. ನೋವು ಆಮೇಲೆ ಗೊತ್ತಾಗುತ್ತಿತ್ತು.

ಓಣಿಯ ಹೆಂಗಸರು ಸುಮ್ಮನಿರುತ್ತಾರೆಯೇ? ಒಬ್ಬಳು ಬೂದಿ ಹಚ್ಚಿ ಎಂದಳು, ಒಬ್ಬಳು ಮಸಿ ತಂದಳು, ಮತ್ತೊಬ್ಬಳು ಎಮ್ಮೆಯ ಸೆಗಣಿಯೇ ಬೇಕು ಎಂದು ಹಟ ಹಿಡಿದಳು. ಅತ್ತೆ ಬಾಗಿಲಿಗೆ ಅಡ್ಡ ನಿಂತಳು.

"ದವಾಖಾನ್ಯಾಗ ಹೇಳಿದ್ದಷ್ಟೇ ಮಾಡ್ತೀನ್ರಿ. ಎಮ್ಮಿ ಔಷಧ ಎಮ್ಮಿಗೇ ಹಚ್ಚ್ರಿ."

ಗಾಯ ಮಾಯುತ್ತ ಬಂದಾಗ ತುರಿಕೆ ಶುರುವಾಯಿತು. ಸುಟ್ಟದ್ದಕ್ಕಿಂತ ಅದೇ ನರಕ. ಕೆರೆದುಕೊಳ್ಳಲು ಬಿಡದೆ, ಮಾದ ಚರ್ಮಕ್ಕೆ ಕೊಬ್ಬರಿ ಎಣ್ಣೆ ಸವರಿ, ಬೆರಳ ತುದಿಯಿಂದ ಮೆಲ್ಲಗೆ ತಟ್ಟುತ್ತ ಕೂಡುತ್ತಿದ್ದಳು. ಕೈ ನೆಟ್ಟಗಾಗಿಸುವ ಹೊತ್ತು ಬಂತೆಂದರೆ ಮಾತ್ರ ಅವಳಲ್ಲಿ ಕರುಣೆ ಇರುತ್ತಿರಲಿಲ್ಲ. ಮೊಳಕೈಯನ್ನು ಒಂದು ಕೈಯಲ್ಲಿ, ಮಣಿಕಟ್ಟನ್ನು ಒಂದು ಕೈಯಲ್ಲಿ ಹಿಡಿದು, "ಕೈ ಚಾಚು, ಸೊಸಿ" ಎನ್ನುವಳು. ನಾನು ಚೀರುತ್ತಿದ್ದೆ, ಬೈಯುತ್ತಿದ್ದೆ, ನೀನು ಅತ್ತೆಯಲ್ಲ ಮಾರಿ ಎಂದೂ ಅಂದಿದ್ದೇನೆ. "ಇನ್ನ ಜರಾ. ಇನ್ನ ಜರಾ ಚಾಚು," ಎಂದಷ್ಟೇ ಅವಳ ಉತ್ತರ. ಆ ಸ್ವಲ್ಪ ಎಂದೂ ಮುಗಿಯುತ್ತಿರಲಿಲ್ಲ.

ಅಂಗೈ ಬಿಚ್ಚಿಸಲು ಅವಳೇ ಒಂದು ದಾರಿ ಕಂಡುಕೊಂಡಳು. ಜೋಳದ ರೊಟ್ಟಿ! ನಮ್ಮ ಕಡೆ ರೊಟ್ಟಿ ಬಡಿಯಬೇಕೆಂದರೆ ಅಂಗೈ ಪೂರಾ ಚಪ್ಪಟೆಯಾಗಿ ತೆರೆಯಬೇಕು, ಐದೂ ಬೆರಳು ಸಾಲಾಗಿ ನಿಲ್ಲಬೇಕು. ಅಂಗೈಯ ಗಾಯ ಪೂರ್ತಿ ಮಾದ ಮೇಲೆ ದಿನವೂ ಒಂದು ಉಂಡೆ ಹಿಟ್ಟು ನಾದಿ ನನ್ನ ಮುಂದಿಡುತ್ತಿದ್ದಳು. ನಾನು ಬಡಿದ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಹರುಕು. ಅದನ್ನೇ ಬೇಯಿಸಿ, ಪುಂಡಿಪಲ್ಯ ಹಾಕಿಕೊಂಡು, "ನನ್ನ ಸೊಸಿ ಮಾಡಿದ ರೊಟ್ಟಿ" ಎಂದು ಓಣಿಗೆ ಕೇಳುವಂತೆ ಹೇಳಿ ತಿನ್ನುತ್ತಿದ್ದಳು. ಕಿರುಬೆರಳು, ಅದರ ಪಕ್ಕದ ಬೆರಳು ಎರಡು ಬಿಟ್ಟರೆ ಉಳಿದವು ತೆರೆಯತೊಡಗಿದವು. ಮೊಳಕೈಯ ಮಡಿಕೆಯಲ್ಲಿ ಮಾತ್ರ ಸ್ವಲ್ಪ ಗಾಯ ಇನ್ನೂ ಹಸಿಯಾಗಿತ್ತು. ನನಗೆ ಮದುವೆಗಿಂತ ಹೆಚ್ಚಾಗಿ ಆ ಕೈ ಬೇಕಾಗಿತ್ತು. ಆದರೆ ಆಗ ಎರಡೂ ಒಂದೇ ಎಂದುಕೊಂಡಿದ್ದೆ. ಕೈ ತೆರೆದರೆ ದಂಡೋತಿ, ವಾಡಿ, ಅತ್ತೆ, ಎಲ್ಲ ನನ್ನವು...

ಒಂದು ದಿನ ಚಿಂಚೋಳಿಯಿಂದ ಅತ್ತೆಯ ನಾದಿನಿ ಬಂದಳು, ಅಂದರೆ ತೀರಿಹೋದ ಮಾವನ ಅಕ್ಕ. ದಂಡೋತಿಯ ಮನೆಯಲ್ಲಿ ಆಕೆಯ ಮಾತು ನಡೆಯುತ್ತಿತ್ತು. ನೋಡಿಕೊಂಡು ಹೋಗಲು ಬಂದಿದ್ದಾಳೆ ಎಂದು ಅತ್ತೆ ಹೇಳಿದಳು. ಊಟದ ಹೊತ್ತಿಗೆ ಹಿಟ್ಟು ನಾದಿ ನನ್ನ ಮುಂದಿಟ್ಟು, "ಇವತ್ತ ರೊಟ್ಟಿ ನೀನೇ ಬಡಿ ಸೊಸಿ. ಅಕ್ಕ ತಿನ್ನಲಿ," ಎಂದಳು. ನಾನು ಹೆಮ್ಮೆಯಿಂದ ಕೂತೆ. ಎಂದಿಗಿಂತ ಚೆನ್ನಾಗಿಯೇ ಬಡಿದೆ. ಎತ್ತಿ ಹಂಚಿಗೆ ಹಾಕುವಾಗ ಮಡಚಿದ ಎರಡು ಬೆರಳು ತಾಗಿ ರೊಟ್ಟಿ ನಡುವೆ ಹರಿದು ಒಲೆಯ ಬದಿಗೆ ಬಿತ್ತು.

ನಾನು ನಕ್ಕೆ. ಅಂಥ ಹೊತ್ತಿನಲ್ಲಿ ಅತ್ತೆ ದಿನವೂ ನಗುತ್ತಿದ್ದಳು. ಅಂದು ನಗಲಿಲ್ಲ.

"ಕೈ ಪೂರಾ ತೆರೀತದೇನು?" ಎಂದು ಕೇಳಿದಳು ನಾದಿನಿ. ನನ್ನನ್ನಲ್ಲ, ಅತ್ತೆಯನ್ನು.

"ತೆರೀತದ ಅಕ್ಕ. ಜರಾ ವ್ಯಾಳ್ಯಾ ಬೇಕು."

"ವ್ಯಾಳ್ಯಾ ಯಾರ್ ಕಡಿ ಅದನವ್ವ?"

ಅತ್ತೆ ನನ್ನನ್ನು ಮೆತ್ತಗೆ ಸರಿಸಿ ತಾನೇ ಒಲೆಯ ಮುಂದೆ ಕೂತು ರೊಟ್ಟಿ ಬಡಿದಳು. ಆ ಸಪ್ಪಳ ನನಗೆ ಈಗಲೂ ಕೇಳುತ್ತದೆ, ಪಟಪಟ ಎಂದು ಎಲ್ಲ ಒಂದೇ ಸಮ. ನಾದಿನಿ ಉಂಡು, ಎಲೆಯಡಿಕೆ ಹಾಕಿಕೊಂಡು, ಸಂಜೆಯ ಗಾಡಿಗೆ ಹೊರಟುಹೋದಳು.

ಮರುದಿನ ಅತ್ತೆ ಬೆಳಗಿನಿಂದ ಧೋತರ ಹರಿಯುತ್ತ ಕೂತಳು. ಗಂಟಿನಲ್ಲಿ ಉಳಿದಿದ್ದ ಎಲ್ಲವನ್ನೂ ಹರಿದು, ಕುದಿಸಿ, ಒಣಗಿಸಿ, ಸುತ್ತಿ ಸುತ್ತಿ ಡಬ್ಬಿ ತುಂಬಿಸಿದಳು. ಡಬ್ಬಿ ಸಾಲದೆ ಹಿತ್ತಾಳೆಯ ಕೊಡಕ್ಕೂ ತುಂಬಿದಳು. ಅವಳಿಗೆ ನನ್ನ ಮೇಲೆ ಎಷ್ಟು ಕಾಳಜಿ ಎಂದು ನೋಡುತ್ತ ಕೂತಿದ್ದೆ. ಆಮೇಲೆ ಪೆಟ್ಟಿಗೆ ಎತ್ತಿಕೊಂಡಳು.

"ತೊಗರಿ ರಾಶಿ ಬಂದದ ಸೊಸಿ. ಎಂಟ್ ದಿನದಾಗ ಮುಗಿಸ್ಕೊಂಡು ಬರ್ತೀನಿ. ಹಲಿಗಿ ಬಿಚ್ಚಬ್ಯಾಡ."

ಎಂಟು ದಿನಕ್ಕೆ ಬರುವವರು ಅಷ್ಟು ಪಟ್ಟಿ ಹರಿದಿಡುವುದಿಲ್ಲ. ಅಷ್ಟು ಸರಳ ಲೆಕ್ಕ ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ತೊಗರಿ ಮುಗಿಯಿತು, ಜೋಳದ ಸುಗ್ಗಿ ಮುಗಿಯಿತು. ಶಹಾಬಾದ್ ಸ್ಟೇಷನ್ನಿಗೆ ಪ್ಯಾಸೆಂಜರ್ ಗಾಡಿ ಬಂದ ಸಪ್ಪಳವಾದಾಗೆಲ್ಲ ನಾನು ಬಾಗಿಲಿಗೆ ಬರುತ್ತಿದ್ದೆ. ಅವ್ವ ಮುಖ ತಿರುಗಿಸಿಕೊಂಡೇ ಪಟ್ಟಿ ಸುತ್ತುತ್ತಿದ್ದಳು. ಪಾಪ, ಕಣ್ಣು ಮುಚ್ಚಿಕೊಂಡು ಎಷ್ಟು ಸುತ್ತಲಾದೀತು? ನಾನೇ ಕೈ ಚಾಚಲು ನೋಡುತ್ತಿದ್ದೆ. ತನ್ನ ನೋವನ್ನು ತಾನೇ ಹೆಚ್ಚು ಮಾಡಿಕೊಳ್ಳುವುದು ಸುಲಭವಲ್ಲ, ಅದಕ್ಕೆ ಇನ್ನೊಬ್ಬರ ಕೈ ಬೇಕು. ಅಪ್ಪ ಒಮ್ಮೆ ಹಿಡಿದು ಎಳೆದ. ನಾನು ಚೀರಿದ್ದಕ್ಕೆ ಅವನೇ ಅತ್ತುಬಿಟ್ಟ. ಹಲಗೆ ಕಟ್ಟಿದರೆ ನಿದ್ದೆ ಇಲ್ಲವೆಂದು ಅವ್ವ ಅದನ್ನು ಬಿಚ್ಚಿದಳು. ಅತ್ತೆ ಬಂದ ಮೇಲೆ ಮತ್ತೆ ಕಟ್ಟಿದರಾಯಿತು ಎಂದಳು. ಗಾಯ ಮಾಯುತ್ತ ಹೋದಂತೆ ಮೊಳಕೈ ಒಳಕ್ಕೆ ಜಗ್ಗುತ್ತ ಹೋಯಿತು. ಬೆರಳುಗಳು ಹಿಂದಿರುಗಿ ಅಂಗೈಯೊಳಗೆ ಬಂದವು. ಅತ್ತೆಯ ಪಟ್ಟಿ ಇನ್ನೂ ಅರ್ಧ ಕೊಡ ಉಳಿದಿತ್ತು.

ಬೇಸಿಗೆಯಲ್ಲಿ ಅತ್ತೆ ಬಂದಳು. ಪೆಟ್ಟಿಗೆ ಇರಲಿಲ್ಲ. ಕೈಯಲ್ಲಿ ಕುಂಕುಮದ ಬಟ್ಟಲು ಇತ್ತು. ಮಗನ ಮದುವೆಗೆ ಅಣ್ಣನನ್ನು ಕರೆಯಲು ಬಂದಿದ್ದಳು. ಹುಡುಗಿ ಸೇಡಂ ಕಡೆಯವಳು.

ಅಪ್ಪ ಕೇಳಿದ, "ಸೊಸಿ ಸೊಸಿ ಅಂತಿದ್ದೆಲ್ಲ ತಂಗಿ?"

"ಹೌದಣ್ಣ. ಅಣ್ಣನ ಮಗಳು ಸೊಸಿ ಅಲ್ದ ಮತ್ತೇನು? ಇವತ್ತೂ ಸೊಸೀನೇ, ನಾಳಿಗೂ ಸೊಸೀನೇ."

ದನಿ ನಡುಗಲಿಲ್ಲ. ದಾರಿಯುದ್ದಕ್ಕೂ ಈ ಒಂದು ಉತ್ತರವನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಳು ಎಂದು ನನಗೆ ಅನಿಸಿತು. ನನಗೆ ಮೈಯೆಲ್ಲ ಇನ್ನೊಮ್ಮೆ ಹತ್ತಿಕೊಂಡಂತಾಯಿತು. ಅವಳು ಒಂದು ಸುಳ್ಳನ್ನೂ ಆಡಿರಲಿಲ್ಲವಲ್ಲ! ನಾವು ನಂಬಿದ ಮಾತನ್ನೇ ಮಗುಚಿ ಹಾಕಿ ಅದರ ಇನ್ನೊಂದು ಮುಖ ತೋರಿಸಿದಳು, ಅಷ್ಟೇ.

ಹೊರಡುವ ಮುಂದೆ ಹಳೆಯ ರೂಢಿಯಿಂದ ನನ್ನ ಕೈ ಹಿಡಿಯಲು ಬಂದಳು. ನಾನು ಹಿಂದಕ್ಕೆ ಮುಚ್ಚಿಕೊಂಡೆ. ಆದರೆ ಬಾಗಿದ ಕೈಯನ್ನು ಎಷ್ಟು ಮುಚ್ಚಬಹುದು? ಕಂಡೇ ಕಂಡಿತು. ಅವಳ ಮುಖ ಕೆಂಪಗಾಯಿತು.

"ಹಲಿಗಿ ಯಾಕ ಕಟ್ಟಲಿಲ್ರಿ ವೈನಿ? ಏನ್ ಮಾಡಿಬಿಟ್ರಿ ಇದು? ನಾ ಇಷ್ಟ್ ಕಷ್ಟಪಟ್ಟು ತೆರದಿದ್ದೆ!" ಎಂದು ಅವ್ವನಿಗೆ ಬೈದಳು. ಖರೇ ಸಿಟ್ಟಿನಿಂದಲೇ ಬೈದಳು, ತನ್ನ ಹೊಲವನ್ನು ಯಾರೋ ಹಾಳುಗೆಡವಿದಂತೆ. ಹೊಸಿಲು ದಾಟುವಾಗ ಅತ್ತೆ ನನ್ನ ಕೈಯ ಕಡೆ ಒಮ್ಮೆ ತಿರುಗಿ ನೋಡಿ ಇಳಿದುಹೋದಳು.

ಮದುವೆಗೆ ಅಪ್ಪ ಹೋಗಲೇಬೇಕಾಯಿತು. ಮದುಮಗನಿಗೆ ಅವನೇ ಸೋದರಮಾವ, ಅವನಿಲ್ಲದೆ ಶಾಸ್ತ್ರ ನಡೆಯುವುದಿಲ್ಲ. ತನ್ನ ಮಗಳ ಗಂಡನಾಗಬೇಕಿದ್ದವನ ಪಕ್ಕ ನಿಂತು, ಬೇರೆಯವರ ಮಗಳ ಮೇಲೆ ಅಕ್ಷತೆ ಹಾಕಿ ಬಂದ. ಬಂದವನು ಪಟ್ಟಿ ತುಂಬಿದ ಕೊಡವನ್ನು ಖಣಿಯ ಹೊಂಡದ ಬದಿಗೆ ಒಯ್ದು ಬರಿದು ಮಾಡಿ ತಂದ.

ಮುಂದೆ ನನಗೂ ಮದುವೆಯಾಯಿತು, ಚಿತ್ತಾಪುರದ ಒಬ್ಬ ಮಾಸ್ತರರ ಜೊತೆ. ಒಳ್ಳೆಯವರು. ರೊಟ್ಟಿಗಿಂತ ಅನ್ನ ಇಷ್ಟಪಡುವವರು, ಅದೂ ನನ್ನ ಪುಣ್ಯವೇ. ಎಡಗೈಯಲ್ಲಿ ಸಂಸಾರ ಮಾಡುವುದನ್ನು ಕಲಿತೆ. ಅತ್ತೆ ಮದುವೆ ಮುಂಜಿಗಳಲ್ಲಿ ಎದುರಾಗುತ್ತಿದ್ದಳು. "ಆರಾಮಿದ್ದೀಯೇನ ಸೊಸಿ?" ಎನ್ನುತ್ತಿದ್ದಳು. ನಾನು ತಲೆ ಆಡಿಸುತ್ತಿದ್ದೆ. ಅತ್ತೆ ಎಂದು ಕರೆಯಲು ಬಾಯಿ ಬರುತ್ತಿರಲಿಲ್ಲ, ಬೇರೆ ಏನೆಂದು ಕರೆಯುವುದೋ ತಿಳಿಯುತ್ತಲೂ ಇರಲಿಲ್ಲ.

ಅವಳು ತೀರಿಕೊಂಡಾಗ ಅಪ್ಪ ಇರಲಿಲ್ಲ. ನಮ್ಮಲ್ಲಿ ಹೆಣ್ಣುಮಗಳು ಹೋದರೆ ಮೈಮೇಲಿನ ಕೊನೆಯ ಸೀರೆ ತವರಿನಿಂದಲೇ ಬರಬೇಕು. ತವರು ಅಂತ ಉಳಿದವಳು ನಾನೊಬ್ಬಳೇ. ಚಿತ್ತಾಪುರದ ಅಂಗಡಿಯವನು ಮಿಂಚುವ ಸೀರೆಗಳನ್ನು ಬಿಚ್ಚಿ ಬಿಚ್ಚಿ ಹಾಕಿದ. "ನೂಲಿಂದು ಕೊಡ್ರಿ," ಎಂದೆ. ದಂಡೋತಿಗೆ ಹೋಗಿ ಒಂದೇ ಕೈಯಿಂದ ಹೊದಿಸಿದೆ. ಇನ್ನೊಂದು ತುದಿ ಹಿಡಿದವಳು ಸೇಡಂನವಳು, ಅವಳ ಸೊಸೆ.

ಮಣ್ಣು ಮಾಡಿ ಬಂದ ಮೇಲೆ ಆಕೆ ನನ್ನ ಪಕ್ಕ ಬಂದು ಕೂತಳು.

"ಕಡೀಕ ಅವರಿಗಿ ಗುರ್ತು ಹತ್ತತಿರಲಿಲ್ರಿ. 'ಕೈ ಚಾಚು ಸೊಸಿ, ಇನ್ನ ಜರಾ ಚಾಚು' ಅಂತ ಅಂದೇ ಅನ್ನೋರು. ನಾ ಕೈ ಚಾಚ್ತಿದ್ದೆ. ಹಿಡಿದು ನೋಡಿ, 'ಈ ಕೈ ಅಲ್ಲ' ಅಂತ ದೂಡಿಬಿಡೋರು. ಯಾವ ಕೈರಿ ಅದು?"

ನಾನು ಸೆರಗಿನೊಳಗಿದ್ದ ಕೈಯನ್ನು ಹೊರಗೆ ತೆಗೆಯಲಿಲ್ಲ. ಈ ಮಾತು ಕೇಳಿ ಕರಗಿಹೋದೆ ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ. ನನಗೆ ಕರಗಲಾಗಲಿಲ್ಲ. ಸಿಟ್ಟೇ ಹೆಚ್ಚಾಯಿತು. ಅಂದರೆ ಅವಳಿಗೆ ಗೊತ್ತಿತ್ತು. ಸೊಸಿ ಎಂದರೆ ಯಾರು ಎಂದು ಕೊನೆಯವರೆಗೂ ಗೊತ್ತಿತ್ತು. ಗೊತ್ತಿದ್ದೂ ಕುಂಕುಮದ ಬಟ್ಟಲು ಹಿಡಿದು ನಮ್ಮ ಮನೆಯಲ್ಲಿ ಕೂತು ಆ ಉತ್ತರ ಕೊಟ್ಟಳು. ಅವಳ ಪ್ರೀತಿ ಸುಳ್ಳಾಗಿದ್ದರೆ ನಾನು ಎಂದೋ ಮರೆಯುತ್ತಿದ್ದೆ. ಆ ಕೈಯಷ್ಟು ಮೆತ್ತಗೆ ನನ್ನ ಗಾಯವನ್ನು ಮುಟ್ಟಿದ ಕೈ ಮತ್ತೊಂದಿಲ್ಲ... ನಾನು ಕ್ಷಮಿಸಲಾರದೆ ಉಳಿದಿರುವುದು ಅದನ್ನೇ.

ಪಕ್ಕದ ಮನೆಯ ಹುಡುಗಿ ಮೊನ್ನೆ ಕುದಿಸಿದ ಬಟ್ಟೆಗಳನ್ನು ಹಗ್ಗಕ್ಕೆ ಹಾಕುತ್ತ, ಎರಡೂ ಕೈ ಮೇಲೆತ್ತಿ ನಿಂತಿದ್ದಳು. ನಾನು ಒಳಗೆ ಬಂದು ಬಾಗಿಲು ಮುಂದೆ ಮಾಡಿದೆ. ಬಲಗೈಯನ್ನು ಗೋಡೆಗೆ ಆನಿಸಿ, ಹಲ್ಲು ಕಚ್ಚಿ, ಚಾಚಿ ನೋಡಿದೆ. ಇನ್ನ ಜರಾ ಎನ್ನಲು ಯಾರೂ ಇಲ್ಲ. ಅತ್ತೆ ಪೆಟ್ಟಿಗೆ ಎತ್ತಿಕೊಂಡು ಹೋದ ದಿನ ಎಲ್ಲಿಯವರೆಗೆ ಬರುತ್ತಿತ್ತೋ, ಅಲ್ಲಿಯವರೆಗೂ ಈಗ ಬರುವುದಿಲ್ಲ.